ಅಂಚೆಯಿಂದ ಅಂತರ್ಜಾಲದವರೆಗೆ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಹದಿನಾಲ್ಕನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತಾ ಇಲ್ಲಿನ ಅಂಚೆಯನ್ನು ಬಣ್ಣಿಸಿದ್ದಾನೆ. ಮೈಲಿಗೆ ಮೂರು ಠಾಣೆ, ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವ ಹರಕಾರರು. ವೇಗವೇನೋ ಇತ್ತು, ಆದರೆ ಅದು ಸುಲ್ತಾನನ ಕಿವಿಗೆ ಸುದ್ದಿ ಮುಟ್ಟಿಸುವ ಏರ್ಪಾಡು.

ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1869ರಲ್ಲಿ ಸಂಸ್ಥಾನ ತನ್ನದೇ ಅಂಚೆಚೀಟಿ ಹೊರಡಿಸಿತು. 1871ರ ಹೊತ್ತಿಗೆ ಮುಂಬಯಿ ರೈಲುಮಾರ್ಗ ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು. ತಮಾಷೆ ನೋಡಿ: ಪ್ರಯಾಣಿಕ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗಬಹುದಿತ್ತು, ಆದರೆ ನಿಜಾಮರ ಚೀಟಿ ಸಂಸ್ಥಾನದ ಗಡಿ ದಾಟಿದರೆ ನಡೆಯುತ್ತಿರಲಿಲ್ಲ! ಇನ್ನು ಇಲ್ಲಿಂದ ನಲವತ್ತು ಕಿಲೋಮೀಟರಿನೊಳಗಿರುವ ಕಮಲಾಪುರಕ್ಕೆ ರೈಲು ಬಂದದ್ದು 2017ರ ಅಕ್ಟೋಬರಿನಲ್ಲಿ, ಬೀದರ್ ಮಾರ್ಗ ಉದ್ಘಾಟನೆಯಾದಾಗ. ಒಂದೂವರೆ ಶತಮಾನ ಬೇಕಾಯಿತು. ಮೊಬೈಲ್ ಮಾತ್ರ ಹಾಗೆ ಕಾಯಿಸಲಿಲ್ಲ. ಭಾರತದಲ್ಲಿ 1995ರಲ್ಲಿ ಶುರುವಾದದ್ದು ರೈಲಿಗಿಂತ ಮೊದಲೇ ಕಮಲಾಪುರ ಸೇರಿತು. ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಮರೆಯಾದವು, 2013ರ ಜುಲೈಯಲ್ಲಿ ತಾರು ನಿಂತಿತು.

ಇವುಗಳ ಜೊತೆಗೇ ಇನ್ನೊಂದು ಕೈಬಿಟ್ಟು ಹೋಗುತ್ತಿದೆ. ಹಳೆಯ ವ್ಯವಸ್ಥೆಯ ಕೊನೆಯ ತುದಿಯಲ್ಲಿ ಒಬ್ಬ ಮನುಷ್ಯನಿದ್ದ. ವಿಳಾಸ ಅರ್ಧವಿದ್ದರೂ ಅಂಚೆಯವನು ಮನೆ ಹುಡುಕುತ್ತಿದ್ದ. ಓದಲು ಬಾರದವರಿಗೆ ಕಾಗದ ಓದಿ ಹೇಳುವವರಿದ್ದರು. ಗುಮಾಸ್ತನಿಗೆ "ಮಹ್ಮದ್", "ಮೊಹಮ್ಮದ್", "ಎಂ.ಡಿ." ಮೂರೂ ಒಂದೇ ಹೆಸರೆಂದು ಗೊತ್ತಿತ್ತು.

ಕಂಪ್ಯೂಟರಿಗೆ ಗೊತ್ತಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಈಗ ಆನ್‌ಲೈನ್. ಅಂಕಪಟ್ಟಿಯಲ್ಲಿ ಒಂದು ಅಕ್ಷರ, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇದ್ದರೆ ಅರ್ಹ ಹುಡುಗಿಯ ಅರ್ಜಿಯೂ ಸಿಕ್ಕಿಹಾಕಿಕೊಳ್ಳುತ್ತದೆ. ಓಟಿಪಿ ಬರುವುದು ಕೂಲಿಗೆಂದು ಪುಣೆ, ಮುಂಬಯಿಗೆ ಹೋದ ತಂದೆಯ ಫೋನಿಗೆ. ಅವರು ಕೆಲಸದಲ್ಲಿರುತ್ತಾರೆ, ಓಟಿಪಿಯ ಅವಧಿ ನಿಮಿಷಗಳಲ್ಲಿ ಮುಗಿಯುತ್ತದೆ. ಕೊನೆಯ ದಿನಾಂಕವೂ ಹೀಗೆಯೇ ದಾಟುತ್ತದೆ. ಇದನ್ನು ಮಗುವಿನ ಅಜಾಗರೂಕತೆ ಎನ್ನಲು ನಾನು ಒಪ್ಪುವುದಿಲ್ಲ.

ಆದ್ದರಿಂದ ಪದವಿ ತರಗತಿಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಅರ್ಜಿ ಕರೆಯುವ ಮುಂಚೆಯೇ ಎರಡು ಭಾನುವಾರ ಕಮಲಾಪುರಕ್ಕೆ ಹೋಗಿ ಕೂಡಿರಿ. ಮಕ್ಕಳ ಮೂರೂ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ತಿದ್ದುಪಡಿಗೆ ಆಗಲೇ ಕಳುಹಿಸಿ. ಊರಲ್ಲಿರುವ ತಾಯಿಯ ಫೋನ್ ನಂಬರನ್ನು ಆಧಾರ್‌ಗೆ ಜೋಡಿಸಿಕೊಡಿ. ಇಂದು ಹೊರಡುವ ಮುನ್ನ ಹೆಸರು ಬರೆಸಲು ಬಾಗಿಲ ಬಳಿ ಒಂದು ಪುಸ್ತಕ ಇಡಿಸಿದ್ದೇನೆ.