ಕೋಣೆಯೂ ದನಿಗೂಡಿಸುತ್ತದೆ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ, ಕಲ್ಲುಗೋಡೆಯ ಕೋಣೆಯೊಂದರಲ್ಲಿ ಕುಳಿತು, ನೀವು ಭಜನೆಯ ಧ್ವನಿಮುದ್ರಣವನ್ನು ತಿದ್ದುತ್ತಿರುವಿರೆಂದು ಭಾವಿಸಿಕೊಳ್ಳಿ. ಡಗ್ಗದ ಪೆಟ್ಟು ಅತಿಯಾಗಿ ಗುಂಯ್‌ಗುಟ್ಟಿತೆಂದು ಗುಂಡಿ ತಿರುವಿ ತಗ್ಗಿಸಿದಿರಿ. ಅದೇ ಹಾಡನ್ನು ಹರಪನಹಳ್ಳಿಯ ನೆಂಟರ ಮನೆಯಲ್ಲಿ ಕೇಳಿದರೆ ಡಗ್ಗವೇ ಇಲ್ಲ! ತಪ್ಪು ಬಾರಿಸಿದವನದಲ್ಲ, ನಿಮ್ಮ ಕೋಣೆಯದು.

12 ಅಡಿ ಉದ್ದದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 47 ಕಂಪನಗಳ ಮಂದ್ರಧ್ವನಿಯು ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಅಬ್ಬರ, ನಟ್ಟನಡುವೆ ಮೌನ. ಅದರ ಇಮ್ಮಡಿ, ಮುಮ್ಮಡಿ ಕಂಪನಗಳಿಗೂ ಇಂಥ ಠಾವುಗಳುಂಟು.

ಆದುದರಿಂದ ಮೊದಲು ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ತನ್ನಿ. ಎರಡು ಸ್ಪೀಕರುಗಳೂ ನಿಮ್ಮ ತಲೆಯೂ ಸಮಬಾಹು ತ್ರಿಕೋನವಾಗಲಿ. ತಾರಸ್ವರದ ಪುಟ್ಟ ಸ್ಪೀಕರು ಕಿವಿಯ ಮಟ್ಟಕ್ಕಿರಲಿ. ಕೋಣೆಯ ನಡುಮಧ್ಯೆ ಕೂಡಬೇಡಿ. ಗೋಡೆಗೆ ತೂಗುಹಾಕಿದ ಕಂಬಳಿ ಚಪ್ಪಾಳೆಯ ಮಾರ್ದನಿಯನ್ನು ಅಡಗಿಸೀತು. ಮಂದ್ರಕ್ಕೆ ಕಂಬಳಿ ಯಾವ ಲೆಕ್ಕ? ದಪ್ಪನೆಯ ಹತ್ತಿಯ ಗಾದಿಯನ್ನು ಮೂಲೆಗೆ ನಿಲ್ಲಿಸಿದರೆ ತುಸು ಉಪಯೋಗವುಂಟು.

ಈಕ್ವಲೈಜರಿನ ಸರದಿ ಆಮೇಲೆ. ಅಳತೆಯ ಮೈಕನ್ನು ನಿಮ್ಮ ತಲೆಯಿರುವಲ್ಲೇ ಇಟ್ಟು ನೋಡಿ. ಉಬ್ಬಿದ ಸ್ವರವನ್ನು ತಗ್ಗಿಸಬಹುದು. ಆದರೆ ಗೋಡೆಯಿಂದ ಮರಳಿದ ಅಲೆ ಅಳಿಸಿಹಾಕಿದ ಸ್ವರವನ್ನು ಏರಿಸಿ ಫಲವಿಲ್ಲ. ಅಳಿಸುವ ಅಲೆಯೂ ಅಷ್ಟೇ ಏರುತ್ತದೆ. ಅಲ್ಲಿ ಕುರ್ಚಿಯನ್ನೇ ಅಡಿಯಷ್ಟು ಸರಿಸಬೇಕು. ಸರಿಸಿ, ಆ ಭಜನೆಯನ್ನು ಇನ್ನೊಮ್ಮೆ ಹಾಕಿ.