ಚಿತ್ರ ಓಡದಿದ್ದರೆ ಏನು ಮಾಡೋಣ?



ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಗಳಿಗೂ ಕಂಪ್ಯೂಟರ್ ಬಂದಿದೆ. ಮಗಳ ಮದುವೆ, ಕೊಟ್ಟೂರು ತೇರು ಎಲ್ಲಾ ಅದರಲ್ಲೇ ನೋಡ್ತೀವಿ. ಒಮ್ಮೊಮ್ಮೆ ಮಾತು ಕೇಳ್ತದೆ, ಚಿತ್ರ ಕಾಣಲ್ಲ. "ಕಂಪ್ಯೂಟರ್ ಕೆಟ್ಟಿತು" ಅಂತ ಗಾಬರಿ ಆಗಬೇಡಿ.

ಮೊದಲು ಬೇರೆ ವಿಡಿಯೊ ಹಾಕಿ ನೋಡಿ. ಅದು ಓಡಿತೇ? ಹಾಗಾದರೆ ಕಂಪ್ಯೂಟರ್ ಕೆಟ್ಟಿಲ್ಲ.

ವಿಡಿಯೊ ಅಂದರೆ ಚಿತ್ರ, ಧ್ವನಿ ಎರಡನ್ನೂ ಒತ್ತಿ ಕಟ್ಟಿದ ಗಂಟು. ಗಂಟು ಕಟ್ಟುವ ರೀತಿ ಹಲವು. ಬಿಚ್ಚುವ ರೀತಿ ಪ್ಲೇಯರ್‌ಗೆ ಗೊತ್ತಿರಬೇಕು. ವಿ.ಎಲ್.ಸಿ. ಎಂಬ ಪ್ಲೇಯರ್ ಬಹಳ ಬಗೆಯ ಗಂಟು ಬಿಚ್ಚುತ್ತದೆ. ಫ್ರಾನ್ಸ್ ದೇಶದ ವಿದ್ಯಾರ್ಥಿಗಳು 1996ರಲ್ಲಿ ಈ ಕೆಲಸ ಶುರು ಮಾಡಿದರು. 2001ರಿಂದ ಅದು ಎಲ್ಲರಿಗೂ ಪುಕ್ಕಟೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಚಿತ್ರ ತಡೆದು ತಡೆದು ಓಡುತ್ತದೆಯೇ? ಪೆನ್ ಡ್ರೈವ್‌ನಿಂದ ಕಂಪ್ಯೂಟರ್‌ಗೆ ಕಾಪಿ ಮಾಡಿ ನೋಡಿ. ಆಗಲೂ ಆ ಒಂದೇ ವಿಡಿಯೊ ನಿಂತರೆ, ಕಾಪಿ ಅರ್ಧ ಆಗಿರಬಹುದು. ಫೋಟೋದವರ ಹತ್ತಿರ ಮತ್ತೆ ಕೇಳಿ.

ಯಾವ ವಿಡಿಯೊನೂ ಓಡದಿದ್ದರೆ ಆಗ ರಿಪೇರಿಗೆ ಒಯ್ಯಿರಿ. ಪರದೆ ಮೇಲೆ ಬಂದ ಅಕ್ಷರ ಬರೆದುಕೊಂಡು ಹೋಗಿ. ಅದಕ್ಕೂ ಮೊದಲು ಮದುವೆ ವಿಡಿಯೊ ಬೇರೆ ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ರಿಪೇರಿಯಲ್ಲಿ ಎಲ್ಲಾ ಅಳಿಸಿ ಹೋಗಬಹುದು. ಕಂಪ್ಯೂಟರ್ ಇನ್ನೊಂದು ಬಂದೀತು. ಆ ಮದುವೆ ದಿನ ಮತ್ತೆ ಬಂದೀತೇ?