ಮೊದಲು ಖಾಲಿ ಕೊಳವೆ



ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಬಂದು ಇವರು ರಕ್ತನಾಳದ ಮಾತು ಏಕೆ ತೆಗೆಯುತ್ತಾರೆ ಎಂದು, ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಳ್ಳುತ್ತಿದ್ದೀರಿ. ಇಲ್ಲೇ ಇರುವ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿಯಲ್ಲಿ ಕಾಲುವೆ ನೀರಿನ ಲೆಕ್ಕ ಕಲಿಸುತ್ತಾರೆ. ಮಲಪ್ರಭೆಯ ಕಾಲುವೆಗೆ ಬಿಟ್ಟದ್ದೆಷ್ಟು, ನವಲಗುಂದದ ಕಟ್ಟಕಡೆಯ ಹೊಲಕ್ಕೆ ಮುಟ್ಟಿದ್ದೆಷ್ಟು, ದಾರಿಯಲ್ಲಿ ಇಂಗಿದ್ದೆಷ್ಟು? ಔಷಧದ ಲೆಕ್ಕವೂ ಹೀಗೆಯೇ. ಆದರೆ ಕಾಲುವೆಯಲ್ಲಿ ಸೋರಿದ್ದು ನಷ್ಟ, ರಕ್ತನಾಳದಲ್ಲಿ ಸೋರಿದರೇನೇ ಕೆಲಸ. ನಾಳದ ಗೋಡೆ ದಾಟದ ಮದ್ದು ಕ್ಯಾನ್ಸರ್ ಗಡ್ಡೆಗೂ ಮುಟ್ಟದು, ಮೆದುಳಿಗೂ ಮುಟ್ಟದು.

2016ರಲ್ಲಿ, ಅಂದರೆ ಧಾರವಾಡದ ಐಐಟಿ ಅದೇ ವಾಲ್ಮಿ ಆವರಣದಲ್ಲಿ ಪಾಠ ಶುರುಮಾಡಿದ ವರ್ಷ, ಟೊರಾಂಟೊದ ಸಂಶೋಧಕರು ಈ ಬಗ್ಗೆ ಹಿಂದಿನ ಹತ್ತು ವರ್ಷಗಳ ಪ್ರಬಂಧಗಳನ್ನು ಗುಡ್ಡೆ ಹಾಕಿ ಒಂದು ಲೆಕ್ಕ ತೆಗೆದರು. ಪ್ರಾಣಿಗಳಿಗೆ ಚುಚ್ಚಿದ, ಮದ್ದು ಹೊರಲೆಂದು ಮಾಡಿದ ನ್ಯಾನೋ ಕಣಗಳಲ್ಲಿ ಗಡ್ಡೆಗೆ ತಲುಪಿದ್ದರ ಮಧ್ಯಾಂಕ ಶೇ 0.7. ನೂರಕ್ಕೆ ಒಂದೂ ಇಲ್ಲ!

ಹಾಗಾಗಿ ಆ ನಾಳದ ಗೋಡೆಯನ್ನೇ ಪ್ರಯೋಗಾಲಯದಲ್ಲಿ ಕಟ್ಟಿ ನೋಡುವ ಕೆಲಸ ನಡೆದಿದೆ. ಒಂದು ಬಗೆ ಹೇಳುತ್ತೇನೆ. 120 ಮೈಕ್ರಾನ್ ದಪ್ಪದ ಅಕ್ಯುಪಂಕ್ಚರ್ ಸೂಜಿಯ ಸುತ್ತ ಕೊಲಾಜೆನ್ ಎಂಬ ಪ್ರೋಟೀನಿನ ದ್ರಾವಣ ಸುರಿಯುತ್ತಾರೆ. ಅದು ಹೆಪ್ಪುಗಟ್ಟಿದ ಮೇಲೆ ಸೂಜಿಯನ್ನು ಮೆಲ್ಲಗೆ ಎಳೆದರೆ ಒಳಗೆ ಸುರಂಗ ಉಳಿಯುತ್ತದೆ. ಅದರಲ್ಲಿ ನಾಳದ ಒಳಪದರದ ಜೀವಕೋಶ ಬಿಡುತ್ತಾರೆ. ಹೆರಿಗೆಯಾದ ಮೇಲೆ ಎಸೆದುಬಿಡುವ ಹೊಕ್ಕುಳಬಳ್ಳಿಯಿಂದಲೂ ಇವು ಸಿಗುತ್ತವೆ; ನ್ಯೂಯಾರ್ಕಿನ ಎರಿಕ್ ಜಾಫೆ ಮತ್ತು ಜೊತೆಗಾರರು 1973ರಲ್ಲೇ ಅವನ್ನು ಬೆಳೆಸಿ ತೋರಿಸಿದ್ದರು. ನಿಂತ ದ್ರವದಲ್ಲಿ ಈ ಕೋಶಗಳು ದಿಕ್ಕಿಲ್ಲದೆ ಹರಡಿಕೊಂಡಿರುತ್ತವೆ. ಪಂಪಿನಿಂದ ಹರಿವು ಕೊಡಿ, ಹರಿಯುವ ದಿಕ್ಕಿಗೇ ಉದ್ದುದ್ದ ಮಲಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡುವುದೇ ಒಂದು ಸುಖ. ಆಮೇಲೆ ಹೊಳೆಯುವ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಸರಪಳಿಯನ್ನು ಹರಿಸಿ, ಗೋಡೆಯಾಚೆ ಹೊಳಪು ಎಷ್ಟು ಬೇಗ ಏರುತ್ತದೆಂದು ಅಳೆದರೆ ಸೋರಿಕೆಯ ದರ ಕೈಗೆ ಬರುತ್ತದೆ.

ಇಲ್ಲಿ ಒಂದು ಮೋಸವಿದೆ. ನಾನು ಹೇಳಬಂದದ್ದೂ ಅದನ್ನೇ. ಇಂಥ ಸಾಧನಗಳ ಕವಚವನ್ನು ಹೆಚ್ಚಾಗಿ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನಲ್ಲಿ ಎರಕ ಹೊಯ್ಯುತ್ತಾರೆ. ಅಗ್ಗ, ಪಾರದರ್ಶಕ, ಅಚ್ಚಿನ ಗೆರೆಗೆರೆಯನ್ನೂ ಹಿಡಿಯುತ್ತದೆ. ಆದರೆ ನೀರಿಗೆ ಒಗ್ಗದ, ಜಿಡ್ಡಿಗೆ ಒಗ್ಗುವ ಔಷಧಗಳನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಈ ತುದಿಯಲ್ಲಿ ಹಾಕಿದ ಮದ್ದು ಆ ತುದಿಯಲ್ಲಿ ಕಡಿಮೆ ಬಂತು, ಗೋಡೆ ದಾಟಿತು ಎಂದು ನೀವು ಹಿಗ್ಗುತ್ತೀರಿ. ದಾಟಿಲ್ಲ, ರಬ್ಬರು ನುಂಗಿದೆ. ಜೀವಕೋಶವಿಲ್ಲದ ಖಾಲಿ ಕೊಳವೆಯಲ್ಲಿ ಅದೇ ಮದ್ದನ್ನು ಅಷ್ಟೇ ಹೊತ್ತು ಹರಿಸಿ ನೋಡದೆ ಇದು ಗೊತ್ತಾಗುವುದಿಲ್ಲ. ಬೇಸರದ ಕೆಲಸ. ಪ್ರಬಂಧದಲ್ಲಿ ಅದಕ್ಕೆ ಚಿತ್ರವೂ ಸಿಗದು, ಚಪ್ಪಾಳೆಯೂ ಸಿಗದು. ಆದರೂ ಮೊದಲ ದಿನ ಮಾಡಬೇಕಾದದ್ದು ಅದೇ.

ಭಾರತ ಸರ್ಕಾರ 2023ರ ಮಾರ್ಚಿನಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳನ್ನು ತಿದ್ದಿ, ಇಂಥ ಕೊಳವೆಗಳೂ ಸೇರಿದಂತೆ ಚಿಪ್ ಮೇಲೆ ಕಟ್ಟಿದ ಅಂಗಗಳಂಥ ಪರೀಕ್ಷೆಗಳಿಗೂ ಜಾಗ ಕೊಟ್ಟಿತು. ಅಮೆರಿಕ ಇದೇ ದಿಕ್ಕಿನಲ್ಲಿ 2022ರ ಡಿಸೆಂಬರಿನಲ್ಲೇ ಕಾನೂನು ಬದಲಿಸಿತ್ತು. ಅಂದಮೇಲೆ ಈ ಕೆಲಸ ಜೀವಶಾಸ್ತ್ರದವರ ಸ್ವತ್ತಾಗಿ ಉಳಿದಿಲ್ಲ. ಇದಕ್ಕೆ ಅಚ್ಚು ಮಾಡುವವರು ಬೇಕು, ಪಂಪಿನ ಮಿಡಿತ ಹದಕ್ಕೆ ತರುವವರು ಬೇಕು, ಸೋರದ ಜೋಡಣೆ ಬಲ್ಲವರು ಬೇಕು. ಮೈಕ್ರಾನ್ ಲೆಕ್ಕ ಅಚ್ಚು ಮಾಡುವ ಟೂಲ್‌ರೂಮಿನವರಿಗೆ ಹೇಳಿಕೊಡಬೇಕಾದದ್ದಲ್ಲ. ಮೆಕ್ಯಾನಿಕಲ್ ಓದಿದವರು ಔಷಧ ಕಂಪನಿಯ ಬಾಗಿಲು ತಟ್ಟಲು ಹಿಂಜರಿಯಬೇಡಿ.

ಸುಳ್ಳು ಆಸೆಯನ್ನೂ ಹುಟ್ಟಿಸಲಾರೆ. ಆ ಕೊಳವೆಯಲ್ಲಿ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ, ಎಷ್ಟೋ ಸಲ ರಕ್ತವೂ ಇರುವುದಿಲ್ಲ. ಎರಡು ಮದ್ದುಗಳಲ್ಲಿ ಯಾವುದು ಗೋಡೆಯನ್ನು ಸಲೀಸಾಗಿ ದಾಟುತ್ತದೆ ಎಂದು ಹೇಳೀತು. ರೋಗಿಗೆ ಎಷ್ಟು ಮಿಲಿಗ್ರಾಂ ಕೊಡಬೇಕು ಎಂದು ಅದೊಂದನ್ನೇ ನಂಬಿ ಹೇಳಲಾಗದು. ಯಾರಾದರೂ ಹಾಗೆ ಹೇಳಿ ಯಂತ್ರ ಮಾರಲು ಬಂದರೆ, ಖಾಲಿ ಕೊಳವೆಯ ಅಂಕಿ ಎಲ್ಲಿ ಎಂದು ಕೇಳಿ.